ದಾರಿ ಹಿಡಿದ ಕ್ಯಾಮೆರಾ

ಮುಂಬೈಯಲ್ಲಿ ಕಡಲು ಕಣ್ತುಂಬ ಕಾಣುವ ಹೊಸ ದೊಡ್ಡ ರಸ್ತೆಗಳಲ್ಲಿ ಬೈಕಿಗೆ ಪ್ರವೇಶವಿಲ್ಲ. 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೀ ಲಿಂಕ್, ಉದ್ದ 5.6 ಕಿ.ಮೀ.: ಇಲ್ಲ. 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು, ಉದ್ದ 21.8 ಕಿ.ಮೀ., ಅದರಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ: ಇಲ್ಲ. ಅದೇ ವರ್ಷ ಮಾರ್ಚಿನಲ್ಲಿ ಮೊದಲ ಹಂತ ತೆರೆದ ಕೋಸ್ಟಲ್ ರೋಡ್: ಅಲ್ಲೂ ಇಲ್ಲ. ಬಂದರಿನ ಕಡೆಯ ಈಸ್ಟರ್ನ್ ಫ್ರೀವೇ, ಹಳೆಯ ಮನೆಗಳ ಕಿಟಕಿಗಳಿಗೆ ತಾಗಿಕೊಂಡೇ ಸಾಗುವ ಜೆ.ಜೆ. ಫ್ಲೈಓವರ್, ಖಂಡಾಲಾದ ಮಳೆಗಾಲವನ್ನು ತೋರಿಸುವ ಪುಣೆ ಎಕ್ಸ್‌ಪ್ರೆಸ್‌ವೇ, ಇವೂ ಬೈಕಿಗಲ್ಲ. ಎತ್ತರದ ಸೇತುವೆಯ ಮೇಲಿನ ಅಡ್ಡಗಾಳಿ, ಪಕ್ಕದಲ್ಲಿ ಹಾರಿಹೋಗುವ ಕಾರು. ಕಾರಣಗಳನ್ನು ನಾನು ಒಪ್ಪುತ್ತೇನೆ.

ಆದರೂ ಭಾನುವಾರ ಬೆಳಗಿನ ಜಾವ ನಮ್ಮ ಮಲಾಡಿನ ಬೀದಿಯಿಂದ ಕ್ಯಾಮೆರಾ ಕಟ್ಟಿಕೊಂಡ ಬೈಕುಗಳು ಹೊರಡುತ್ತವೆ. ಹೆಲ್ಮೆಟ್ಟಿನ ಗಲ್ಲದ ಮೇಲೊಂದು, ಹ್ಯಾಂಡಲ್ ಮೇಲೊಂದು, ಕೆಲವರದ್ದು ಹಿಂಬದಿಯ ಕ್ಯಾರಿಯರಿನಿಂದ ಉದ್ದನೆಯ ಕೋಲಿನ ತುದಿಯಲ್ಲೊಂದು. ಈ ಹುಡುಗ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ, ಏನನ್ನು ಹಿಡಿದು ತರುತ್ತಾರೆ, ತಂದದ್ದನ್ನು ಯಾರು, ಯಾಕೆ ನೋಡುತ್ತಾರೆ? ಕೇಳುತ್ತ, ನೋಡುತ್ತ ಬರೆದಿಟ್ಟುಕೊಂಡದ್ದು ಇಷ್ಟು.

ಮರೀನ್ ಡ್ರೈವ್

ಎಡಬದಿಯಲ್ಲಿ ಓಡಿಸುವ ದೇಶ ನಮ್ಮದು. ಆದ್ದರಿಂದ ಕಡಲನ್ನು ಒತ್ತಿಕೊಂಡು ಸಾಗಬೇಕೆಂದರೆ ನರಿಮನ್ ಪಾಯಿಂಟಿನಿಂದ ಚೌಪಾಟಿಯ ಕಡೆಗೆ ಬರಬೇಕು. ತಿರುಗಿ ಹೋದರೆ ಎಡಗಡೆ ಸಿಗುವುದು ಆರ್ಟ್ ಡೆಕೋ ಕಟ್ಟಡಗಳ ಸಾಲು. 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಾಲು. ಚಿತ್ರೀಕರಿಸುವವರಿಗೆ ಈ ಲೆಕ್ಕ ಬಾಯಿಪಾಠ. ಬೆಳಕು ಮೂಡುವ ಹೊತ್ತಿಗೆ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ.

ಹಾಗೆ ತೆಗೆದ ಒಂದು ವಿಡಿಯೊ ನೋಡಿದೆ. ಕಡಲಿನ ಬದಿಯದ್ದೇ. ಕಡಲು ಮಾತ್ರ ಹೆಚ್ಚು ಕಾಣಲಿಲ್ಲ. ಹ್ಯಾಂಡಲಿನ ಎತ್ತರದಿಂದ ಕಂಡದ್ದು ಅಗಲವಾದ ಫುಟ್‌ಪಾತ್, ಅದರಾಚೆಯ ಕಟ್ಟೆ, ಕಟ್ಟೆಯ ಮೇಲೆ ನೀರಿಗೆ ಮುಖ ಮಾಡಿ ಕುಳಿತವರ ಬೆನ್ನು. ಜೋಡಿಗಳ ಬೆನ್ನು, ಓಟ ಮುಗಿಸಿದವರ ಬೆವರಿದ ಬೆನ್ನು, ರಾತ್ರಿಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಕುಳಿತ ವಾಚ್‌ಮನ್ನನ ಬೆನ್ನು. 3.6 ಕಿಲೋಮೀಟರಿನ ಉದ್ದಕ್ಕೂ ಅಷ್ಟೇ. ಅವರು ನೋಡುತ್ತಿರುವುದು ನಮಗೆ ಕಾಣದು, ಅವರು ನೋಡುತ್ತಿದ್ದಾರೆ ಎಂಬುದು ಮಾತ್ರ ಕಾಣುತ್ತದೆ. ರಾಣಿಯ ಕಂಠಹಾರ ಎಂದು ಹೆಸರಾದ ಆ ಬಳುಕು ರಸ್ತೆಯ ಮೇಲಿರುವವರಿಗೆ ಕಾಣುವುದೇ ಇಲ್ಲ. ಅದಕ್ಕೆ ಮಲಬಾರ್ ಹಿಲ್ ಹತ್ತಬೇಕು. ಅಲ್ಲಿನ ಹ್ಯಾಂಗಿಂಗ್ ಗಾರ್ಡನ್ನಿನಲ್ಲೇ 1899ರಲ್ಲಿ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್ ಒಂದು ಕುಸ್ತಿ ಪಂದ್ಯವನ್ನು ಚಿತ್ರೀಕರಿಸಿದರು. ಭಾರತೀಯನೊಬ್ಬ ತೆಗೆದ ಮೊದಲ ಚಲನಚಿತ್ರವೆಂದು ಅದನ್ನು ಗುರುತಿಸುತ್ತಾರೆ. ಆಗ ಕೆಳಗೆ ಈ ರಸ್ತೆಯೇ ಇರಲಿಲ್ಲ.

ದೃಶ್ಯ ನೋಡಲು ಹೋದ ಕ್ಯಾಮೆರಾಕ್ಕೆ ದೃಶ್ಯ ನೋಡುವವರು ಸಿಕ್ಕಿದ್ದಾರೆ. ನನಗೆ ಆ ವಿಡಿಯೊ ಹಿಡಿಸಿತು. ತೆಗೆದವನಿಗೆ ಹಿಡಿಸಲಿಲ್ಲ.

ಮಾರ್ವೆ ಜೆಟ್ಟಿ

ದೊಡ್ಡ ಸೇತುವೆಗಳು ತಪ್ಪಿದ ಮೇಲೆ ಬೈಕಿನವರಿಗೆ ಉಳಿದದ್ದು ಅಂಚಿನ ದಾರಿಗಳು. ಆರೇ ಕಾಲೊನಿಯ ಮರಗಳ ನೆರಳು, ಘೋಡ್‌ಬಂದರ್ ರಸ್ತೆಯ ಖಾಡಿ, ಅಕ್ಸಾ ದಾಟಿ ಮಡ್ ಕೋಟೆಯ ತನಕದ ರಸ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಮಾರ್ವೆಯಿಂದ ದೋಣಿಯಲ್ಲಿ ಬೈಕ್ ದಾಟಿಸಿ ಮನೋರಿ, ಗೋರಾಯಿ, ಉತ್ತನ್.

ನಮ್ಮ ಕಟ್ಟಡದ ನಾಲ್ಕನೇ ಮಾಳಿಗೆಯ ಹುಡುಗ ಕ್ಯಾಮೆರಾ ಕೂರಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮನೆಯಲ್ಲಿ ತುಳು, ಹೊರಗೆ ಮರಾಠಿ, ನನ್ನೊಡನೆ ಕನ್ನಡ. ಹೆಲ್ಮೆಟ್ಟಿನ ಗಲ್ಲದ ಭಾಗವನ್ನು ಹಿಂದಿನ ದಿನವೇ ಸ್ಪಿರಿಟ್ಟಿನಲ್ಲಿ ಒರೆಸಿ ಅಂಟುಪಟ್ಟಿ ಒತ್ತಿಟ್ಟಿದ್ದ. ಅಂಟು ಕಚ್ಚಿಕೊಳ್ಳಲು ಒಂದು ದಿನ ಬೇಕು. ಬೆಳಿಗ್ಗೆ ಕ್ಯಾಮೆರಾ ಸಿಕ್ಕಿಸಿ, ತಿರುಪು ಬಿಗಿದು, ಬಿಗಿದದ್ದು ಸಾಲದೆಂದು ಸಣ್ಣದೊಂದು ದಾರ ಕಟ್ಟಿ ಹೆಲ್ಮೆಟ್ ಪಟ್ಟಿಗೆ ಗಂಟು ಹಾಕಿದ. ಕ್ಯಾಮೆರಾ ಕಳಚಿದರೂ ಹಿಂದಿನ ಲಾರಿಯಡಿ ಹೋಗಬಾರದು. ಆಮೇಲೆ ಬೈಕಿನ ಮೇಲೆ ಕೂತು, ಮೊಬೈಲಿನಲ್ಲಿ ಚೌಕಟ್ಟು ನೋಡುತ್ತ, ತಲೆಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ. ಗಲ್ಲದ ಕ್ಯಾಮೆರಾ ತಲೆ ತಿರುಗಿದತ್ತ ತಿರುಗುತ್ತದೆ, ಹ್ಯಾಂಡಲಿನದು ರಸ್ತೆಯನ್ನಷ್ಟೇ ನೋಡುತ್ತದೆ. “ಗಲ್ಲದ್ದು ಹಾಕಿದರೆ ನಾನು ಏನು ನೋಡಿದೆ ಅಂತ ಬರ್ತದೆ, ಹ್ಯಾಂಡಲಿಂದ ಹಾಕಿದರೆ ಬೈಕ್ ಏನು ನೋಡಿತು ಅಂತ ಬರ್ತದೆ” ಎಂದ. ಈ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ನಾನು ಬೇರೆಲ್ಲೂ ಕೇಳಿಲ್ಲ.

ಹೆಲ್ಮೆಟ್ಟಿಗೆ ಏನನ್ನಾದರೂ ಅಂಟಿಸುವುದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಬಿದ್ದಾಗ ತಲೆ ಜಾರಿಕೊಂಡು ಹೋಗಬೇಕು, ಗಟ್ಟಿ ವಸ್ತು ನೆಲಕ್ಕೆ ಸಿಕ್ಕಿಕೊಂಡರೆ ಕುತ್ತಿಗೆಗೆ ಪೆಟ್ಟು. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲಿ ಹೆಲ್ಮೆಟ್ ಕ್ಯಾಮೆರಾದ ವಿರುದ್ಧ ಕ್ರಮಕ್ಕೆ ಮುಂದಾಗಿತ್ತು. ಹುಡುಗನಿಗೂ ಹೇಳಿದ್ದೇನೆ, ಎದೆಗೆ ಕಟ್ಟುವ ಪಟ್ಟಿ ನೋಡುತ್ತಿದ್ದಾನೆ.

ಹಿಂಬದಿಯ ಉದ್ದ ಕೋಲಿನದ್ದು ಬೇರೆ ಕಥೆ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮಸೂರಗಳು ಸುತ್ತಲಿನ ಎಲ್ಲವನ್ನೂ ಹಿಡಿಯುತ್ತವೆ. ಎರಡು ಚಿತ್ರಗಳನ್ನು ಹೊಲಿದು ಒಂದು ಮಾಡುವಾಗ ಕೋಲು ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ. ಆಕಾಶದಿಂದ ಯಾರೋ ಹಿಂಬಾಲಿಸಿ ತೆಗೆದ ಹಾಗಿರುತ್ತದೆ. ಮುಂಬೈ ಪೊಲೀಸರು ಡ್ರೋನ್ ಹಾರಿಸದಂತೆ ಆಗಾಗ ಆದೇಶ ಹೊರಡಿಸುವುದರಿಂದ ಆ ನೋಟಕ್ಕೆ ಇಲ್ಲಿ ಉಳಿದಿರುವ ದಾರಿ ಈ ಕೋಲೇ.

ಜೆಟ್ಟಿಯಲ್ಲಿ ಹಲಗೆಯ ಮೇಲೆ ಬೈಕ್ ತಳ್ಳಿ ದೋಣಿಗೇರಿಸುತ್ತಾರೆ. ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಬೈಕು, ಎಲ್ಲ ಒಟ್ಟಿಗೆ. ಎಂಜಿನ್ ನಿಂತಿದೆ, ಕ್ಯಾಮೆರಾ ಓಡುತ್ತಿದೆ. ಬೈಕ್ ಅಲ್ಲಾಡದೆ ನಿಂತು ಖಾಡಿ ದಾಟುವ ಆ ಕೆಲವು ನಿಮಿಷಗಳನ್ನು ಹುಡುಗ “ವೇಸ್ಟ್ ಫೂಟೇಜ್” ಎನ್ನುತ್ತಾನೆ. ದಾಟಿದ ಮೇಲೆ ಮನೋರಿಯ ತೆಂಗು, ಶಿಲುಬೆಗಳಿರುವ ತಿರುವುಗಳು, ದೂರಕ್ಕೆ ಗೋರಾಯಿಯ ವಿಪಸ್ಸನಾ ಪಗೋಡದ ಚಿನ್ನದ ಬಣ್ಣ, ಉತ್ತನ್‌ನಲ್ಲಿ ಬಿದಿರಿನ ಗಳದ ಮೇಲೆ ಒಣಗಲು ಹಾಕಿದ ಬೊಂಬಿಲ್ ಮೀನು. ವಿಡಿಯೊದಲ್ಲಿ ಇವೆಲ್ಲ ಇವೆ, ವಾಸನೆಯೊಂದಿಲ್ಲ. ಉತ್ತನ್‌ಗೆ ಹೋಗಿ ಬಂದವರಿಗೆ ಮೊದಲು ನೆನಪಾಗುವುದೇ ವಾಸನೆ.

ಬಳುಕುವ ಕಂಬಗಳು

ಹಳೆಯ ಒಂದು ವಿಡಿಯೊದಲ್ಲಿ ದೀಪದ ಕಂಬಗಳು ನೀರಿನಲ್ಲಿ ಕಂಡ ನೆರಳಿನ ಹಾಗೆ ಬಳುಕುತ್ತಿದ್ದವು. ಯಾಕೆಂದು ಹುಡುಗ ತೋರಿಸಿಕೊಟ್ಟ. ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ನೋಡುವುದಿಲ್ಲ. ಮೇಲಿನ ಗೆರೆಯಿಂದ ಕೆಳಗಿನ ಗೆರೆಯ ತನಕ ಒಂದೊಂದಾಗಿ ಓದುತ್ತ ಬರುತ್ತದೆ. ಅವನದು ಒಂದೇ ಸಿಲಿಂಡರಿನ ದೊಡ್ಡ ಬೈಕ್. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಹ್ಯಾಂಡಲ್ ನಡುಗುತ್ತದೆ. ಮೇಲಿನ ಗೆರೆ ಓದುವಾಗ ಒಂದು ಕಡೆ ಇದ್ದ ಕ್ಯಾಮೆರಾ ಕೆಳಗಿನ ಗೆರೆಗೆ ಬರುವಷ್ಟರಲ್ಲಿ ಇನ್ನೊಂದು ಕಡೆಗೆ ಸರಿದಿರುತ್ತದೆ. ಕಂಬ ನೆಟ್ಟಗೇ ಇದೆ, ಓದಿದ್ದು ಸೊಟ್ಟ.

ಈ ನಡುಕ ಸಣ್ಣದಲ್ಲ. 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತು: ಹೆಚ್ಚು ಸಾಮರ್ಥ್ಯದ ಮೋಟಾರ್‌ಸೈಕಲ್ ಹ್ಯಾಂಡಲಿಗೆ ಐಫೋನ್ ನೇರವಾಗಿ ಬಿಗಿದರೆ ಅದರ ಕ್ಯಾಮೆರಾದೊಳಗಿನ ತೇಲುವ ಮಸೂರದ ವ್ಯವಸ್ಥೆ ಕ್ರಮೇಣ ಕೆಡಬಹುದು.

ಅದನ್ನು ಕೇಳಿದಂದಿನಿಂದ ಡೆಲಿವರಿ ಹುಡುಗರ ಹ್ಯಾಂಡಲ್ ನೋಡುತ್ತಿದ್ದೇನೆ. ಮುಂಬೈಯ ರಸ್ತೆಯಲ್ಲಿ ಬೈಕಿಗೆ ಬಿಗಿದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅವರವೇ. ಮೊಬೈಲಿನ ಪರದೆಯ ಮೇಲೆ ನಕ್ಷೆ, ಹಿಂದಿನ ಮಸೂರ ರಸ್ತೆಯ ಕಡೆಗೆ, ಏನನ್ನೂ ತೆಗೆಯುತ್ತಿಲ್ಲ. ಈ ನಗರದ ಗಲ್ಲಿಗಳನ್ನು ಇವತ್ತು ಅವರಷ್ಟು ಬಲ್ಲವರಿಲ್ಲ. ಅವರ ಒಂದು ದಿನದ ದಾರಿಯನ್ನು ಯಾರಾದರೂ ಬೆಳಗಿನಿಂದ ರಾತ್ರಿಯ ತನಕ ತೆಗೆದಿಟ್ಟರೆ ನಾನು ಪೂರ್ತಿ ಕೂತು ನೋಡುತ್ತೇನೆ.

ಗುಂಡಿಗಳು ಎಲ್ಲಿ ಹೋದವು?

ನನ್ನನ್ನು ಹೆಚ್ಚು ದಿನ ಕಾಡಿದ್ದು ಇದು. ಜುಲೈಯಲ್ಲಿ ತೆಗೆದ ವಿಡಿಯೊ. ಆ ರಸ್ತೆಯಲ್ಲೇ ನಾನು ರಿಕ್ಷಾದಲ್ಲಿ ಹೋಗಿ ಸೊಂಟ ಹಿಡಿದುಕೊಂಡು ಇಳಿದಿದ್ದೇನೆ. ಪರದೆಯ ಮೇಲೆ ಮಾತ್ರ ಬೈಕ್ ತೇಲಿಕೊಂಡು ಸಾಗುತ್ತಿದೆ. ರಸ್ತೆ ರೇಷ್ಮೆ.

ಕ್ಯಾಮೆರಾದೊಳಗೆ ಗೈರೋಸ್ಕೋಪ್ ಎಂಬ ಪುಟ್ಟ ಚಿಪ್ ಇದೆ. ಯಾವ ಕ್ಷಣಕ್ಕೆ ಕ್ಯಾಮೆರಾ ಎತ್ತ, ಎಷ್ಟು ವಾಲಿತು ಎಂದು ಅದು ಅಳೆಯುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಚೌಕಟ್ಟಿನ ಅಂಚನ್ನು ಸ್ವಲ್ಪ ಕತ್ತರಿಸಿ ಕೈಯಲ್ಲಿಟ್ಟುಕೊಂಡು, ಕ್ಯಾಮೆರಾ ಮೇಲಕ್ಕೆ ವಾಲಿದರೆ ಉಳಿದ ಚೌಕಟ್ಟನ್ನು ಅಷ್ಟೇ ಕೆಳಕ್ಕೆ ಸರಿಸುತ್ತದೆ. ಗೋಪ್ರೋ 2018ರಲ್ಲಿ ತನ್ನ ಏಳನೇ ಹೀರೊ ಕ್ಯಾಮೆರಾದಲ್ಲಿ ಹೈಪರ್‌ಸ್ಮೂತ್ ಎಂಬ ಹೆಸರಿನಲ್ಲಿ ಇದನ್ನು ತಂದಿತು. ಈಗ ಎಲ್ಲ ಕಂಪನಿಗಳಲ್ಲೂ ಉಂಟು. ನೋಡುವವನಿಗೆ ತಲೆಸುತ್ತು ಬಾರದಿರಲು ಮಾಡಿದ ಒಳ್ಳೆಯ ಉಪಾಯ. ಆದರೆ ಮುಂಬೈಯ ಮಳೆಗಾಲದಲ್ಲಿ ಅದು ಅಳಿಸುವುದು ಬೈಕ್ ಸವಾರನ ಪಾಲಿಗೆ ರಸ್ತೆಯ ಅತಿ ಮುಖ್ಯವಾದ ಸಂಗತಿಯನ್ನು.

2015ರ ಜುಲೈಯಲ್ಲಿ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನಲ್ಲಿ ನೀರು ತುಂಬಿ ಕಾಣದಾಗಿದ್ದ ಗುಂಡಿಗೆ ಬೈಕ್ ಬಿದ್ದು, ಹಿಂದೆ ಕೂತಿದ್ದ ಹದಿನಾರರ ಹುಡುಗ ತೀರಿಕೊಂಡ. ತರಕಾರಿ ವ್ಯಾಪಾರಿಯಾದ ಅವನ ತಂದೆ ದಾದಾರಾವ್ ಬಿಲ್ಹೋರೆ ಆಮೇಲೆ ತಮ್ಮ ಕೈಯಾರೆ ನಗರದ ನೂರಾರು ಗುಂಡಿಗಳನ್ನು ಮುಚ್ಚಿದ್ದಾರೆ. 2017ರ ಜುಲೈಯಲ್ಲಿ ಮಳೆಗಾಲದ ಸವಾರಿಗೆಂದು ಗೆಳೆಯರೊಡನೆ ಜವ್ಹಾರ್ ಕಡೆಗೆ ಹೊರಟಿದ್ದ ಮುಂಬೈಯ ಮಹಿಳಾ ಬೈಕರ್ ಒಬ್ಬರು ಗುಂಡಿಗೆ ಸಿಲುಕಿ ಬಿದ್ದು, ಲಾರಿಯಡಿ ಸಿಕ್ಕಿ ಸತ್ತರು. ಹಸಿರು ನೋಡಲು ಹೊರಟ ಸವಾರಿ ಅದು. ಇವನ್ನು ತಿಳಿದ ಮೇಲೆ ತೇಲುವ ವಿಡಿಯೊ ನೋಡುವಾಗ ನನಗೆ ಸಮಾಧಾನವಿಲ್ಲ.

ಹುಡುಗನೊಡನೆ ಈ ಮಾತು ಎತ್ತಿದಾಗ ಅವನೊಂದು ಸಂಗತಿ ತೆರೆದಿಟ್ಟ. ಚಿತ್ರದಿಂದ ಅಳಿಸಿದ ಕುಲುಕಾಟ ಫೈಲಿನಿಂದ ಅಳಿದಿರುವುದಿಲ್ಲ. ಅಳೆದ ಅಂಕಿಗಳೆಲ್ಲ ವಿಡಿಯೊದ ಜೊತೆಗೇ, ಕಣ್ಣಿಗೆ ಕಾಣದ ಇನ್ನೊಂದು ಸಾಲಾಗಿ ಅದೇ ಫೈಲಿನಲ್ಲಿ ಕುಳಿತಿರುತ್ತವೆ. ಜಿಪಿಎಸ್ ಇರುವ ಕ್ಯಾಮೆರಾದಲ್ಲಿ ಜಾಗವೂ ವೇಗವೂ ದಾಖಲಾಗಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಆ ಸಾಲನ್ನು ಗೆರೆಯಾಗಿ ಎಳೆದು ತೋರಿಸಿದ. ನಡುನಡುವೆ ಚೂಪಾಗಿ ಎದ್ದ ಮುಳ್ಳುಗಳು. ಒಂದರ ಮೇಲೆ ಬೆರಳಿಟ್ಟು, “ಇದು ಮಾಲ್ವಣಿ ತಿರುವಿನದ್ದು, ನನ್ನ ಹಲ್ಲು ಕಡಿದುಹೋಗಿತ್ತು” ಎಂದ. ಮೇಲಿನ ಕಿಟಕಿಯಲ್ಲಿ ಅದೇ ಕ್ಷಣದ ಚಿತ್ರ: ಗುಲ್‌ಮೊಹರ್ ಮರ, ಒದ್ದೆ ರಸ್ತೆ, ಯಾವ ತೊಂದರೆಯೂ ಇಲ್ಲ.

ಪ್ರತಿ ಭಾನುವಾರ ಈ ಊರಿನಿಂದ ಹೊರಡುವ ಅಷ್ಟೂ ಕ್ಯಾಮೆರಾಗಳು ದೃಶ್ಯದ ಹೆಸರಿನಲ್ಲಿ ಗುಂಡಿಗಳ ಪಟ್ಟಿ ಬರೆದುಕೊಂಡು ಮನೆಗೆ ಬರುತ್ತಿವೆ. ಅದನ್ನು ಓದುವವರು ಬೇಕು.

ಸದ್ದು

ವಿಡಿಯೊದ ಮೂಲ ಸದ್ದು ಕೇಳಿಸು ಎಂದರೆ ಎಲ್ಲರೂ ಹಿಂಜರಿಯುತ್ತಾರೆ. ಗಾಳಿ ಮೈಕಿಗೆ ಅಪ್ಪಳಿಸುವ ಗರಗರ, ಅದರ ಹಿಂದೆ ಹಾರ್ನ್. ಆದ್ದರಿಂದ ಸದ್ದು ತೆಗೆದು ಸಂಗೀತ ಹಾಕುತ್ತಾರೆ. 2020ರ ಜನವರಿಯಲ್ಲಿ ಮುಂಬೈ ಪೊಲೀಸರು ಹಾರ್ನ್ ಸದ್ದು 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮೊದಲಿನಿಂದ ಶುರುವಾಗುವ ಸಿಗ್ನಲ್ ಪ್ರಯೋಗ ಮಾಡಿ ತೋರಿಸಿದ್ದರು. ಅಂಥ ಊರಿನ ಸವಾರಿ ಪರದೆಯ ಮೇಲೆ ಪಿಯಾನೊದೊಂದಿಗೆ ಸಾಗುತ್ತದೆ.

ಇದು ಇವರೇ ಶುರುಮಾಡಿದ್ದಲ್ಲ. ಫ್ರಾನ್ಸಿನ ಕ್ಲೋದ್ ಲೆಲೂಶ್ 1976ರಲ್ಲಿ ಕಾರಿನ ಮುಂಭಾಗಕ್ಕೆ ಕ್ಯಾಮೆರಾ ಬಿಗಿದು, ಬೆಳಗಿನ ಪ್ಯಾರಿಸ್ಸಿನಲ್ಲಿ ಕೆಂಪು ದೀಪಗಳನ್ನೂ ಲೆಕ್ಕಿಸದೆ ಎಂಟು ನಿಮಿಷ ಒಂದೇ ಓಟ ಓಡಿಸಿ ಚಿತ್ರ ತೆಗೆದರು. ಓಡಿದ್ದು ಮರ್ಸಿಡಿಸ್, ಕೇಳಿಸುವ ಸದ್ದು ಫೆರಾರಿಯದು, ಆಮೇಲೆ ಸೇರಿಸಿದ್ದು. ಜನ ನಿಂತಿರುವ ನಗರದಲ್ಲಿ ಹಾಗೆ ಓಡಿಸಿದ್ದನ್ನು ನಾನು ಮೆಚ್ಚಲಾರೆ. ರೋಮಾಂಚನ ಸದ್ದಿನಲ್ಲಿತ್ತು, ಆ ಸದ್ದು ಆ ಓಟದ್ದಲ್ಲ ಎಂಬುದನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ.

ಮುಖವಿಲ್ಲದ ಸವಾರ

ಸಿನಿಮಾದ ಬೈಕ್ ಸವಾರಿಯಲ್ಲಿ ನಮಗೆ ಕಾಣುತ್ತಿದ್ದದ್ದು ಮುಖ. 1978ರ ‘ಮುಕದ್ದರ್ ಕಾ ಸಿಕಂದರ್’ನಲ್ಲಿ ಅಮಿತಾಭ್ ಬಚ್ಚನ್ ಬೊಂಬಾಯಿಯ ರಸ್ತೆಗಳಲ್ಲಿ ಹಾಡುತ್ತ ಬೈಕ್ ಓಡಿಸಿದರು, ಊರು ಅವರ ಹಿಂದೆ ಸರಿಯುತ್ತಿತ್ತು. ಅದಕ್ಕೂ ಮೂರು ವರ್ಷ ಮೊದಲು ‘ಶೋಲೆ’ಗಾಗಿ ಇದೇ ಊರಿನ ಚಿತ್ರೋದ್ಯಮ ನಮ್ಮ ರಾಮನಗರದ ಬಂಡೆಗಳ ನಡುವೆ ಬೀಡುಬಿಟ್ಟು, ಪಕ್ಕದ ತೊಟ್ಟಿಲಿರುವ ಬಿಎಸ್‌ಎ ಬೈಕಿನ ಮೇಲೆ ಇಬ್ಬರು ಗೆಳೆಯರನ್ನು ಹಾಡಿಸಿತು. ಕ್ಯಾಮೆರಾ ಅವರ ಮುಂದೆ ಮುಂದೆ ಓಡುತ್ತ ಹಿಂದಕ್ಕೆ ನೋಡುತ್ತಿತ್ತು.

ಈಗಿನ ಕ್ಯಾಮೆರಾ ಎದುರು ನೋಡುತ್ತದೆ. ಸವಾರ ಚಿತ್ರದಲ್ಲೇ ಇಲ್ಲ. ಎರಡು ಕೈಗವಸು, ಒಂದು ಕನ್ನಡಿಯ ಚೂರು, ಸಂಜೆಯಾದರೆ ರಸ್ತೆಯ ಮೇಲೆ ಉದ್ದನೆಯ ನೆರಳು. ನೋಡುವವನು ತಾನೇ ಆ ಸೀಟಿನಲ್ಲಿ ಕೂತಂತಾಗುತ್ತದೆ. ಬೈಕ್ ಓಡಿಸಲು ಬಾರದ, ಜನ್ಮದಲ್ಲಿ ಓಡಿಸದ ಎಷ್ಟೋ ಮಂದಿ ಇದನ್ನು ಗಂಟೆಗಟ್ಟಲೆ ನೋಡುವುದು ಇದೇ ಕಾರಣಕ್ಕಿರಬೇಕು. ಖಾಲಿ ಬಿಟ್ಟ ಜಾಗ ಅವರದ್ದು.

ಡೊಂಬಿವಲಿಯ ಚಿಕ್ಕಮ್ಮ

ಅಂಥ ನೋಡುಗರಲ್ಲಿ ನನ್ನ ಚಿಕ್ಕಮ್ಮ ಒಬ್ಬರು. ಮದುವೆಯಾಗಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದವರು, ಗಂಡ ಹೋಟೆಲಿನಲ್ಲಿದ್ದವರು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯ ತನಕ ಊರೆಂದರೆ ಬಸ್ಸು: ಸಂಜೆ ಹತ್ತಿದರೆ ಮರುದಿನ ಇಳಿಯುವುದು. ಪನ್ವೇಲ್ ದಾಟಿ ಪೆಣ್ ಬರುವಷ್ಟರಲ್ಲಿ ಕತ್ತಲು. ಮಹಾಡ್, ಕಶೇಡಿ ಘಾಟಿ, ಚಿಪ್ಳೂಣ್, ಹಾತಖಂಬಾ, ರಾಜಾಪುರ, ಕಣಕವಲಿ, ಇವೆಲ್ಲ ಅವರಿಗೆ ನಿದ್ದೆಗಣ್ಣಿನಲ್ಲಿ ಕಂಡಕ್ಟರ್ ಕೂಗಿದ ಹೆಸರುಗಳು. ವಾಂತಿಗೆ ನಿಂಬೆಹಣ್ಣು ಹಿಡಿದುಕೊಂಡು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅವರು ಆ ದಾರಿಯಲ್ಲಿ ಅದೆಷ್ಟು ಸಲ ಹೋಗಿ ಬಂದರೋ, ನೋಡಿದ್ದು ಮಾತ್ರ ಎರಡು ತುದಿಗಳನ್ನು.

ಈಗ ಅವರಿಗೆ ಪ್ರಯಾಣವಾಗದು. ನಾಲ್ಕನೇ ಮಾಳಿಗೆಯ ಹುಡುಗ ಹಗಲಲ್ಲಿ ಮುಂಬೈಯಿಂದ ಉಡುಪಿಗೆ ಬೈಕಿನಲ್ಲಿ ಹೋದದ್ದನ್ನು ಟಿವಿಗೆ ಹಾಕಿಕೊಟ್ಟೆ. ಮರವಂತೆಯಿಂದ ಶುರು ಮಾಡೋಣ ಎಂದುಕೊಂಡಿದ್ದೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಬೈಕಿನವರೆಲ್ಲ ನಿಂತು ತೆಗೆಯುವ ಜಾಗ. ಚಿಕ್ಕಮ್ಮ ಕೈಯಾಡಿಸಿ, “ಇದು ಗೊತ್ತುಂಟು, ಚಿಪ್ಳೂಣ್ ಹಾಕು” ಎಂದರು.

ಪರಶುರಾಮ ಘಾಟಿಯ ತಿರುವಿನಲ್ಲಿ ಕೆಳಗೆ ವಾಶಿಷ್ಠಿ ಹೊಳೆಯ ಬಯಲು ಬಂದಾಗ ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಇಲ್ಲಿ ಬಸ್ಸು ವಾಲುತ್ತಿತ್ತು. ಕೆಳಗೆ ಏನುಂಟು ಅಂತ ಗೊತ್ತಿರಲಿಲ್ಲ.” ಆಮೇಲೆ ರಸ್ತೆ ಅಗೆದು ಹಾಕಿದ ಕೆಂಪು ಮಣ್ಣು, ಅರ್ಧಕ್ಕೆ ನಿಂತ ಫ್ಲೈಓವರಿನ ಕಂಬಗಳು, ತಿರುವು ಸೂಚಿಸುವ ಡ್ರಮ್ಮುಗಳು. ಅಗಲೀಕರಣ 2011ರಲ್ಲಿ ಶುರುವಾದದ್ದು, ಹತ್ತು ವರ್ಷ ದಾಟಿದರೂ ಮುಗಿಯದೆ ಎಳೆಯಿತು. ಹುಡುಗ ತನ್ನ ಚಿಕ್ಕ ವಿಡಿಯೊದಿಂದ ಇದನ್ನೆಲ್ಲ ಕತ್ತರಿಸಿದ್ದ. ನಾನು ತಂದದ್ದು ಕತ್ತರಿಸದ ಫೈಲು. ಚಿಕ್ಕಮ್ಮನಿಗೆ ಅದರಲ್ಲಿ ಬೇಸರ ತರುವ ಒಂದು ಅಡಿಯೂ ಸಿಗಲಿಲ್ಲ.

ಆಮೇಲೆ ಫೈಲನ್ನು ಹಿಂದಕ್ಕೆ ಓಡಿಸಿದೆ. ಮಹಾಡಿನಲ್ಲಿ ಸಾವಿತ್ರಿ ಹೊಳೆ ಬಂದಾಗ ನಿಲ್ಲಿಸು ಎಂದರು. 2016ರ ಆಗಸ್ಟ್ 2ರ ರಾತ್ರಿ ಅಲ್ಲಿನ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಗಿ ಎರಡು ಬಸ್ಸುಗಳು ನೀರುಪಾಲಾದವು. ಚಿಕ್ಕಮ್ಮ ಹೋಗಿ ಬರುತ್ತಿದ್ದದ್ದು ಆ ಸೇತುವೆಯ ಮೇಲೆಯೇ. 165 ದಿನಗಳಲ್ಲಿ ಕಟ್ಟಿದ ಹೊಸದು ಪರದೆಯ ಮೇಲಿದೆ. ಹಳೆಯದನ್ನು ಕಾಣಬೇಕೆಂದರು. ಹುಡುಗನ ಬಳಿ ಅದಿಲ್ಲ. ಅವನಿಗೆ ಆಗ ಬೈಕೇ ಇರಲಿಲ್ಲ.

ಕಾರವಾರದ ಕಾಳಿ ಸೇತುವೆಯದ್ದು ಮಾತ್ರ ಇದೆ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದ ಹಳೆಯ ಸೇತುವೆಯನ್ನು ಅವನು ಹಿಂದಿನ ವರ್ಷ ಗೋವಾ ಕಡೆಯಿಂದ ಬಂದು ದಾಟಿದ್ದ. ಒಂದು ನಿಮಿಷವೂ ಇಲ್ಲ. ಕಂಬಿ, ಆಚೆಗೆ ಕಡಲು ಸೇರುವ ಹೊಳೆ, ಎದುರಿಗೆ ಗುಡ್ಡ, ಚಕ್ರ ಕೀಲುಪಟ್ಟಿಗಳ ಮೇಲೆ ಹೋಗುವ ಟಕ್ ಟಕ್. ಅಲ್ಲಿಂದ ಮುಂದೆ ಅಂಕೋಲಾ, ಆಮೇಲೆ ಕುಮಟಾ ತಾಲೂಕು. ಆ ತಾಲೂಕಿನ ಹನೇಹಳ್ಳಿಯಿಂದ ಬಂದು ಮುಂಬೈಯಲ್ಲಿ ಬಾಳಿದ ಯಶವಂತ ಚಿತ್ತಾಲರು ಬರೆಯಲು ಕೂತಾಗ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದವರು. ಎರಡು ಊರುಗಳ ನಡುವಿನ ದಾರಿ ನಮ್ಮ ಜನರ ಮಾತಿನಲ್ಲಿ ಕಡಿಮೆ ಬಂದಿದೆ ಎಂದು ಚಿಕ್ಕಮ್ಮನ ಪಕ್ಕ ಕೂತು ನೋಡುವಾಗ ಅನ್ನಿಸಿತು. ತುದಿಗಳ ಬಗ್ಗೆ ಎಷ್ಟು ಹೇಳಿದ್ದೇವೆ!

ಮಾರ್ಕೆಟ್ ಸ್ಟ್ರೀಟ್

ಓಡುವ ವಾಹನಕ್ಕೆ ಕ್ಯಾಮೆರಾ ಕಟ್ಟುವ ಆಸೆ ಸಿನಿಮಾದಷ್ಟೇ ಹಳೆಯದು. ಲೂಮಿಯೇರ್ ಸೋದರರ ಚಿತ್ರಗಳು 1896ರ ಜುಲೈ 7ರಂದು ಇಲ್ಲಿನ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. ಅದೇ ವರ್ಷ ಅವರ ಕ್ಯಾಮೆರಾಮನ್ ಪ್ರೊಮಿಯೊ ವೆನಿಸ್ಸಿನಲ್ಲಿ ದೋಣಿಯ ಮೇಲೆ ಕ್ಯಾಮೆರಾ ಇಟ್ಟು ದಡ ಸರಿಯುವುದನ್ನು ತೆಗೆದ. ಮಾರ್ವೆಯ “ವೇಸ್ಟ್ ಫೂಟೇಜ್” ಅದೇ ಅಲ್ಲವೇ?

1906ರ ಏಪ್ರಿಲಿನಲ್ಲಿ ಮೈಲ್ಸ್ ಸೋದರರು ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟಿನಲ್ಲಿ ಕೇಬಲ್ ಕಾರಿನ ಮುಂಭಾಗಕ್ಕೆ ಕ್ಯಾಮೆರಾ ಕಟ್ಟಿ, ದಾರಿಯುದ್ದಕ್ಕೂ ಹದಿಮೂರು ನಿಮಿಷ ಸುಮ್ಮನೆ ತೆಗೆದರು. ಕುದುರೆಗಾಡಿ, ಸೈಕಲ್ಲು, ಅಡ್ಡ ಓಡುವ ಹುಡುಗರು. ಕೆಲವೇ ದಿನಗಳಲ್ಲಿ, ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ಬೀದಿ ಹಾಳಾಯಿತು. ಬಹುಕಾಲ ಆ ಚಿತ್ರವನ್ನು ಹಿಂದಿನ ವರ್ಷದ್ದೆಂದು ತಿಳಿದಿದ್ದರು. ಡೇವಿಡ್ ಕೀನ್ ಎಂಬ ಚಿತ್ರ ಇತಿಹಾಸಕಾರ ಸರಿಯಾದ ಕಾಲವನ್ನು ಹಿಡಿದದ್ದು ಕಾರುಗಳ ನಂಬರ್ ಪ್ಲೇಟು, ನೆರಳಿನ ಕೋನ, ಮತ್ತು ರಸ್ತೆಯಲ್ಲಿ ನಿಂತಿದ್ದ ಮಳೆನೀರನ್ನು ನೋಡಿ. ಇವತ್ತಿನ ಹುಡುಗ ಕತ್ತರಿಸಿ ಬಿಸಾಡುವುದೂ ನಂಬರ್ ಪ್ಲೇಟು, ನಿಂತ ನೀರನ್ನೇ.

ಫೈಲುಗಳು

4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ಟಿನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಉಡುಪಿಯ ತನಕದ್ದು ಎಷ್ಟಾಯಿತೆಂದು ಲೆಕ್ಕ ಹಾಕಿದರೆ ಕಚ್ಚಾ ಫೈಲು ಉಳಿಸಿಕೊಳ್ಳದ ಕಾರಣ ತಿಳಿಯುತ್ತದೆ. ಹನ್ನೆರಡು ನಿಮಿಷದ ಚಂದದ ವಿಡಿಯೊ ಉಳಿಯುತ್ತದೆ, ಉಳಿದದ್ದನ್ನು ಅಳಿಸಿ ಕಾರ್ಡ್ ಮುಂದಿನ ಭಾನುವಾರಕ್ಕೆ ಖಾಲಿ ಮಾಡುತ್ತಾರೆ. ನಗರದ ಎಲ್ಲ ಬೈಕ್ ಕ್ಯಾಮೆರಾಗಳ ಕಥೆ ಇದೇ.

ಕತ್ತರಿಸದೆ, ಸದ್ದು ತೆಗೆಯದೆ, ಗೈರೋಸ್ಕೋಪಿನ ಅಂಕಿಗಳ ಸಮೇತ ಇಟ್ಟುಕೋ, ಫೈಲಿನ ಹೆಸರಿನಲ್ಲಿ ತಾರೀಖು ಮತ್ತು ರಸ್ತೆ ಬರೆ ಎಂದು ಹುಡುಗನನ್ನು ಕೇಳಿದ್ದೇನೆ. ಕಾಳಿ ಸೇತುವೆಯದ್ದು ಇಡುತ್ತೇನೆ, ಚಿಪ್ಳೂಣದ್ದೂ ಇಡುತ್ತೇನೆ ಎಂದ. ಮಾರ್ವೆ ದೋಣಿಯದ್ದನ್ನು ಇಡುವ ಮನಸ್ಸಿಲ್ಲ, ಅದರಲ್ಲಿ ಏನೂ ಆಗುವುದಿಲ್ಲವಂತೆ. ವೆರ್ಸೋವಾ–ಮಡ್ ನಡುವೆ ಮಹಾನಗರಪಾಲಿಕೆ ಸೇತುವೆ ಯೋಜಿಸಿದೆ, ಇಂಥ ಬೈಕ್ ಹೊತ್ತ ದೋಣಿಗಳು ಎಷ್ಟು ಕಾಲ ಇರುತ್ತವೋ ಎಂದೆ. ಆ ಸೇತುವೆಯ ಮೇಲೆ ಬೈಕ್ ಬಿಡುತ್ತಾರಾ ಎಂದು ಅವನು ಕೇಳಿದ. ಹಾರ್ಡ್ ಡಿಸ್ಕಿನ ಹಣ ನಾನು ಕೊಡುವುದೆಂದಾಗಿದೆ. ಎಷ್ಟು ಟೆರಾಬೈಟಿನದು ಬೇಕೆಂದು ಅವನು ಲೆಕ್ಕ ಹಾಕುತ್ತಿದ್ದಾನೆ.